ಕಸ ತುಂಬಿದ ಹಳೇ ಕ್ವಾರಿಯಿಂದಲೇ ನಮ್ಮ ಬೋರ್ ನೀರು ಕೆಟ್ಟಿದೆಯಾ? ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಉತ್ತರಕ್ಕಿರುವ ಒಂದು ಹಳ್ಳಿ. ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಜಲ್ಲಿ ಕಲ್ಲಿನ ಕ್ವಾರಿ ಇತ್ತು. ಕೆಲಸ ನಿಂತ ಮೇಲೆ ಅದಕ್ಕೆ ಕೆಲವು ವರ್ಷ ನಗರದ ಕಸ ತುಂಬಿಸಿ, ಮೇಲೆ ಮಣ್ಣು ಮುಚ್ಚಿದರು. ನಮ್ಮ ಬೋರ್ 450 ಅಡಿ. ಎರಡು ವರ್ಷದಿಂದ ನೀರಿಗೆ ವಾಸನೆ. ಬಿಂದಿಗೆಯಲ್ಲಿ ಹಿಡಿದಿಟ್ಟರೆ ಕೆಂಪಗಾಗುತ್ತದೆ. ಲ್ಯಾಬ್ ರಿಪೋರ್ಟ್ ಹೀಗಿದೆ (ಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ): ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) 1480, ಕ್ಲೋರೈಡ್ 410, ನೈಟ್ರೇಟ್ 88, ಗಡಸುತನ 720, ಕಬ್ಬಿಣ 2.6, ಫ್ಲೋರೈಡ್ 1.3. ಇದು ಕ್ವಾರಿಯಿಂದಲೇ ಬಂದದ್ದಾ? ಹಾಗೆಂದು ತೋರಿಸುವುದು ಹೇಗೆ? 1,000 ಅಡಿಗೆ ಹೊಸ ಬೋರ್ ಹಾಕಿಸಿದರೆ ಒಳ್ಳೆ ನೀರು ಸಿಗುತ್ತದೆ ಎನ್ನುತ್ತಾರೆ, ಹಾಕಿಸಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಈ ನೀರು ಕುಡಿಯಬಹುದಾ ಎಂಬುದು ಒಂದು. ಕೆಡಿಸಿದ್ದು ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇವತ್ತೇ ಉತ್ತರ ಹೇಳಬಹುದು. ಎರಡನೆಯದಕ್ಕೆ ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ಬೇಕು. ಇವೆರಡನ್ನೂ ಬೆರೆಸಿದರೆ, ಸಾಕ್ಷಿ ಸಿಗುವ ತನಕ ಮನೆಯವರೆಲ್ಲ ಅದೇ ನೀರು ಕುಡಿಯುತ್ತಾ ಇರುತ್ತಾರೆ. ಹಾಗಾಗಬಾರದು.

ಕುಡಿಯಲು, ಅಡುಗೆಗೆ ಈ ನೀರನ್ನು ಇವತ್ತೇ ನಿಲ್ಲಿಸಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ನೈಟ್ರೇಟ್ 45 ದಾಟಬಾರದು. ನಿಮ್ಮದು ಸುಮಾರು ಎರಡರಷ್ಟಿದೆ. ಬೇರೆ ನೀರೇ ಸಿಗದಿದ್ದರೂ ಗಡಸುತನ 600ರ ಒಳಗಿರಬೇಕು ಎನ್ನುತ್ತದೆ ಅದೇ ಮಾನಕ. ಅದನ್ನೂ ನಿಮ್ಮ ನೀರು ದಾಟಿದೆ. ಮನೆಯಲ್ಲಿ ಆರು ತಿಂಗಳೊಳಗಿನ ಮಗು ಇದ್ದರೆ ಈ ನೀರಿನಲ್ಲಿ ಹಾಲಿನ ಪುಡಿ ಕಲಸಲೇಬೇಡಿ. ನೈಟ್ರೇಟ್‌ನಿಂದಾಗಿ ಎಳೆ ಮಗುವಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ಕುದಿಸಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ ತರುತ್ತೀರಾದರೆ, ಆ ಘಟಕದ ಬೋರ್ ಎಲ್ಲಿದೆ ಅಂತ ಒಮ್ಮೆ ವಿಚಾರಿಸಿ. ಅದೂ ಕ್ವಾರಿ ಪಕ್ಕದ್ದೇ ಆಗಿದ್ದರೆ ಆ ನೀರನ್ನೂ ಪರೀಕ್ಷೆ ಮಾಡಿಸಬೇಕು.

ಇನ್ನು ಎರಡನೇ ಪ್ರಶ್ನೆ. ನಗರದ ಕಸ ಸುರಿಯುತ್ತಿದ್ದ ಜಾಗಗಳಾದ ಮಾವಳ್ಳಿಪುರ 2012ರಲ್ಲಿ, ಮಂಡೂರು 2014ರ ಕೊನೆಯಲ್ಲಿ ಬಾಗಿಲು ಹಾಕಿದ ಮೇಲೆ ಬೆಂಗಳೂರಿನ ಕಸ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಕಲ್ಲು ಕ್ವಾರಿಗಳಿಗೆ ಹೋಯಿತು. ಹಾಗಾಗಿ ನಿಮ್ಮಂಥ ಪ್ರಶ್ನೆ ಇರುವವರು ಆ ಸೀಮೆಯಲ್ಲಿ ತುಂಬಾ ಜನ. ಈ ಉತ್ತರವನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತಿದ್ದೇನೆ.

ಕ್ವಾರಿ ಗುಂಡಿಯನ್ನು ಒಂದು ಕಲ್ಲಿನ ತೊಟ್ಟಿ ಅಂದುಕೊಳ್ಳಿ. ಗಟ್ಟಿ ಕಲ್ಲು ನೀರು ಬಿಡುವುದಿಲ್ಲ, ಹಾಗಾಗಿ ಕಸ ತುಂಬಿದರೂ ತೊಂದರೆಯಿಲ್ಲ ಎಂಬ ವಾದ ನೀವೂ ಕೇಳಿರುತ್ತೀರಿ. ಕಲ್ಲು ಬಿಡುವುದಿಲ್ಲ, ನಿಜ. ಆದರೆ ಕಲ್ಲಿನ ಸೀಳುಗಳು ಬಿಡುತ್ತವೆ. ನಿಮ್ಮ ಬೋರ್‌ಗೆ ನೀರು ಬರುವುದೂ ಅಂಥ ಸೀಳುಗಳಿಂದಲೇ ಅಲ್ವಾ? ಅದರ ಮೇಲೆ ವರ್ಷಗಟ್ಟಲೆ ಸಿಡಿಮದ್ದು ಇಟ್ಟು ಸಿಡಿಸಿದ ಗೋಡೆ ಅದು. ಮುಚ್ಚಿಕೊಂಡಿದ್ದ ಸೀಳುಗಳೂ ಬಾಯಿ ಬಿಟ್ಟಿರುತ್ತವೆ. ಗುಂಡಿಯ ಮೇಲ್ಭಾಗದಲ್ಲಿ ಕಲ್ಲು ಸವೆದು ಮಣ್ಣಾದ ಪದರ ಇರುತ್ತದೆ. ಒಳಗಿನ ನೀರು ಆ ಮಟ್ಟಕ್ಕೆ ಏರಿದರೆ ಸೀಳೂ ಬೇಕಿಲ್ಲ, ಪಕ್ಕಕ್ಕೆ ಜಿನುಗುತ್ತದೆ.

ಒಳಗೆ ಎಷ್ಟು ನೀರು ಸೇರುತ್ತದೆ? ಒಂದು ಅಂದಾಜು ಹಾಕೋಣ. ಐದು ಎಕರೆ ಗುಂಡಿ ಅಂದರೆ ಸುಮಾರು 20,000 ಚದರ ಮೀಟರ್. ವರ್ಷಕ್ಕೆ 900 ಮಿಲಿಮೀಟರ್ ಮಳೆ ಬಿದ್ದು, ಕಾಲು ಭಾಗ ಮಾತ್ರ ಒಳಗಿಳಿಯಿತು ಅಂದುಕೊಂಡರೂ 45 ಲಕ್ಷ ಲೀಟರ್ ಆಯಿತು. ಆರು ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 750 ಲೋಡು. ಇದು ಪ್ರತಿ ವರ್ಷ. ಹಸಿ ಕಸದೊಳಗಿನ ನೀರು ಬೇರೆ. ಇದೆಲ್ಲ ಕಸದ ಮೂಲಕ ಇಳಿದು ಕಪ್ಪಗಾಗಿ, ಕೊಳೆತ ರಸವಾಗಿ ತಳದಲ್ಲಿ ನಿಲ್ಲುತ್ತದೆ. ಇದನ್ನೇ ಲೀಚೆಟ್ ಎನ್ನುವುದು. ನಿಯಮದಂತೆ ಮಾಡಿದ ಕಸದ ಗುಂಡಿಗೆ 90 ಸೆಂಟಿಮೀಟರ್ ಜೇಡಿಮಣ್ಣಿನ ಹಾಸು, ಅದರ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ, ರಸ ಎತ್ತಿ ಶುದ್ಧ ಮಾಡುವ ವ್ಯವಸ್ಥೆ ಇರಬೇಕು. ಅಂತರ್ಜಲದ ಅತಿ ಎತ್ತರದ ಮಟ್ಟವೂ ಆ ಹಾಸಿನ ತಳದಿಂದ ಎರಡು ಮೀಟರ್ ಕೆಳಗೇ ಇರಬೇಕು. ಇದು 2016ರ ಘನತ್ಯಾಜ್ಯ ನಿಯಮದಲ್ಲಿದ್ದ ಮಾತು. ಆಳದ ಕ್ವಾರಿಗಳಲ್ಲಿ ಈ ಕೊನೆಯ ಷರತ್ತೇ ಕೈಕೊಡುತ್ತದೆ. ಕಲ್ಲು ತೆಗೆಯುವಾಗ ಮೋಟಾರ್ ಇಟ್ಟು ನೀರು ಹೊರಹಾಕುತ್ತಿದ್ದರು ಎಂದು ಊರಿನವರು ಹೇಳಿದರೆ, ಗುಂಡಿ ಅಂತರ್ಜಲಕ್ಕಿಂತ ಕೆಳಗೆ ಇಳಿದಿತ್ತು ಎಂದೇ ಅರ್ಥ. ಮೋಟಾರ್ ನಿಂತ ಮೇಲೆ ನೀರು ತನ್ನ ಮಟ್ಟಕ್ಕೆ ವಾಪಸ್ ಏರುತ್ತದೆ. ಈಗ ಅಲ್ಲಿ ಕಸ ಕೂತಿದೆ.

ಇಷ್ಟು ಹೇಳಿದ ಮೇಲೂ, ನಿಮ್ಮ ಬೋರ್ ಕೆಟ್ಟಿದ್ದು ಅದರಿಂದಲೇ ಅಂತ ಈ ರಿಪೋರ್ಟ್ ನೋಡಿ ನಾನು ಹೇಳಲಾರೆ. ಕಾರಣ ನಿಮ್ಮ ರಿಪೋರ್ಟಿನೊಳಗೇ ಇದೆ.

ಅದರಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ನೈಟ್ರೇಟ್ ಮತ್ತು ಕಬ್ಬಿಣದ ಜೋಡಿಯ ಮೇಲೆ. ಒಂದೇ ಸೆಲೆಯ ನೀರಿನಲ್ಲಿ ಇವೆರಡೂ ಒಟ್ಟಿಗೆ ಜಾಸ್ತಿ ಇರುವುದು ಅಪರೂಪ. ಕಸದ ಗುಂಡಿಯೊಳಗೆ ಗಾಳಿ ಇರುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತದ್ದನ್ನು ತಿನ್ನುತ್ತಾ ಮೊದಲು ನೀರಿನಲ್ಲಿರುವ ಆಮ್ಲಜನಕ ಮುಗಿಸುತ್ತವೆ. ಆಮೇಲೆ ನೈಟ್ರೇಟ್ ಮುಗಿಸುತ್ತವೆ. ಅದೂ ಮುಗಿದ ಮೇಲೆ ಮಣ್ಣು, ಕಲ್ಲಿಗೆ ತುಕ್ಕಿನಂತೆ ಹಿಡಿದಿರುವ ಮ್ಯಾಂಗನೀಸ್ ಮತ್ತು ಕಬ್ಬಿಣಕ್ಕೆ ಕೈಹಾಕಿ ಕರಗಿಸುತ್ತವೆ. ಕೊನೆಗೆ ಸಲ್ಫೇಟ್ ಸರದಿ. ಕೊಳೆತ ಮೊಟ್ಟೆಯ ವಾಸನೆ ಬರುವುದು ಆಗ. ಹಾಗಾಗಿ ಅಪ್ಪಟ ಕಸದ ರಸದಲ್ಲಿ ನೈಟ್ರೇಟ್ ಹೆಚ್ಚೂಕಡಿಮೆ ಸೊನ್ನೆ. ಅದರ ಬದಲು ಅಮೋನಿಯಾ ತುಂಬಿರುತ್ತದೆ. ನಿಮ್ಮಲ್ಲಿ ನೈಟ್ರೇಟ್ 88, ಕಬ್ಬಿಣ 2.6. ಇದಕ್ಕೆ ಎರಡು ಅರ್ಥ ಇರಬಹುದು. ಕಬ್ಬಿಣ ನಿಮ್ಮದೇ ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಬೋರ್‌ಗೆ ಇಳಿಸುವ ಕೊಳವೆ), ಪೈಪಿನ ತುಕ್ಕಿನಿಂದ ಬಂದಿರಬೇಕು. ಇಲ್ಲದಿದ್ದರೆ ಬೋರ್‌ನೊಳಗೆ ಎರಡು ಬೇರೆ ಬೇರೆ ನೀರು ಸೇರುತ್ತಿರಬೇಕು: ಮೇಲಿನ ಸೀಳಿನಿಂದ ತಿಪ್ಪೆ, ಗೊಬ್ಬರ, ಶೌಚಗುಂಡಿಯ ನೈಟ್ರೇಟ್ ನೀರು, ಇನ್ನೊಂದು ಸೀಳಿನಿಂದ ಕಬ್ಬಿಣದ ನೀರು.

ತುಕ್ಕಾ, ಅಲ್ವಾ ಎಂಬುದನ್ನು ನೀವೇ ನಾಳೆ ಬೆಳಿಗ್ಗೆ ನೋಡಬಹುದು. ಮೋಟಾರ್ ಹಾಕಿದ ಕೂಡಲೇ ಕೆಂಪಗೆ ಬಂದು, ಹತ್ತಿಪ್ಪತ್ತು ನಿಮಿಷದಲ್ಲಿ ತಿಳಿಯಾಗಿ, ಆಮೇಲೆ ಇಟ್ಟರೂ ತಿಳಿಯಾಗೇ ಉಳಿದರೆ ಅದು ಪೈಪಿನ ತುಕ್ಕು. ಒಂದು ಗಂಟೆ ಓಡಿದ ಮೇಲೆ ಹಿಡಿದ ನೀರು ಮೊದಲು ಗಾಜಿನಂತೆ ತಿಳಿಯಾಗಿದ್ದು, ಬಕೆಟ್‌ನಲ್ಲಿ ಕೆಲವು ಗಂಟೆ ಇಟ್ಟ ಮೇಲೆ ಕೆಂಪಾದರೆ, ಕಬ್ಬಿಣ ನೀರಿನಲ್ಲೇ ಕರಗಿ ಬರುತ್ತಿದೆ. ಗಾಳಿ ತಾಗಿ ತುಕ್ಕಾಗಿ ತಳಕ್ಕೆ ಇಳಿಯುತ್ತಿದೆ. ಎರಡನೆಯದಾದರೆ ಗುಂಡಿಯ ಮೇಲಿನ ಅನುಮಾನಕ್ಕೆ ಬಲ ಬರುತ್ತದೆ.

ಫ್ಲೋರೈಡ್ 1.3 ಇರುವುದನ್ನು ಕ್ವಾರಿಯ ಲೆಕ್ಕಕ್ಕೆ ಬರೆಯಬೇಡಿ. ಅದು ನಮ್ಮ ಕಲ್ಲಿನದೇ ಗುಣ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಸದ ಗುಂಡಿ ಇಲ್ಲದ ಊರುಗಳಲ್ಲೂ ಜನ ಫ್ಲೋರೈಡ್‌ನಿಂದ ನರಳಿದ್ದಾರೆ. ಅರ್ಜಿಯಲ್ಲಿ ಅದನ್ನೂ ಸೇರಿಸಿದರೆ ಎದುರಿನವರು ಆ ಒಂದನ್ನೇ ಹಿಡಿದುಕೊಂಡು ಉಳಿದದ್ದನ್ನೂ ತಳ್ಳಿಹಾಕುತ್ತಾರೆ.

ರಿಪೋರ್ಟಿನಲ್ಲಿ ಇರಬೇಕಾದ್ದೇ ಇಲ್ಲ. ಅಮೋನಿಯಾ ನೋಡಿಲ್ಲ. ಪೊಟ್ಯಾಸಿಯಂ, ಸೋಡಿಯಂ, ಬೈಕಾರ್ಬನೇಟ್, ಸಲ್ಫೇಟ್, ಬೋರಾನ್, ಮ್ಯಾಂಗನೀಸ್, ಸಿಓಡಿ (ನೀರಿನಲ್ಲಿ ಕೊಳೆ ಎಷ್ಟಿದೆ ಎಂದು, ಅದಕ್ಕೆ ಬೇಕಾಗುವ ಆಮ್ಲಜನಕದಿಂದ ತಿಳಿಯುವ ಅಳತೆ) ಯಾವುದೂ ಇಲ್ಲ. ಕುಡಿಯುವ ನೀರಿನ ಮಾಮೂಲಿ ಪರೀಕ್ಷೆ ಇಂಥ ಪತ್ತೆಗೆ ಸಾಲುವುದಿಲ್ಲ. ನಮ್ಮ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲಿನ ಒಳ್ಳೆ ನೀರಿನಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಒಂದಂಕಿಯಲ್ಲೇ ಇರುತ್ತದೆ. ಕಸದ ರಸದಲ್ಲಿ ನೂರುಗಟ್ಟಲೆ. ಇಂಥ ದೊಡ್ಡ ವ್ಯತ್ಯಾಸ ಇರುವಲ್ಲೇ ಗುರುತು ಸಿಗುವುದು. ಸೀಸ, ಆರ್ಸೆನಿಕ್‌ನಂಥ ಲೋಹಗಳನ್ನೂ ನೋಡಿಸಿ, ಆದರೆ ಆರೋಗ್ಯದ ಸಲುವಾಗಿ. ಲೋಹಗಳು ಮಣ್ಣಿಗೆ ಅಂಟಿ ದಾರಿಯಲ್ಲೇ ನಿಲ್ಲುವುದು ಜಾಸ್ತಿ, ಹಾಗಾಗಿ ಅವು ಸಿಗಲಿಲ್ಲ ಅಂದ ಮಾತ್ರಕ್ಕೆ ಗುಂಡಿ ಸೋರುತ್ತಿಲ್ಲ ಎಂದಾಗುವುದಿಲ್ಲ. ರಿಪೋರ್ಟಿನಲ್ಲಿ ‘ಬಿಡಿಎಲ್’ (ಯಂತ್ರ ಅಳೆಯಬಲ್ಲ ಮಿತಿಗಿಂತ ಕೆಳಗೆ) ಅಂತಿದ್ದರೆ ಯಂತ್ರ ಎಷ್ಟರ ಕೆಳಗೆ ಅಳೆಯಲಾರದು ಅಂತ ಕೇಳಿ. ಸೀಸದ ಮಿತಿ 0.01. ಯಂತ್ರ 0.05ರ ಕೆಳಗೆ ಅಳೆಯದಿದ್ದರೆ ಆ ‘ಬಿಡಿಎಲ್’ ಏನನ್ನೂ ಹೇಳುವುದಿಲ್ಲ.

ಇಡೀ ತನಿಖೆಯಲ್ಲಿ ಬೆಲೆಬಾಳುವ ಬಾಟಲಿ ನಿಮ್ಮ ಬೋರಿನದಲ್ಲ, ಗುಂಡಿಯ ರಸದ್ದು. ಅದಿಲ್ಲದೆ ಹೋಲಿಸುವುದು ಯಾವುದರ ಜೊತೆ? ಜೊತೆಗೆ ಗುಂಡಿಯ ಮೇಲ್ಭಾಗದಲ್ಲಿ, ಅಂದರೆ ನೀರು ಹರಿದು ಬರುವ ಕಡೆ, ಕಸದ ಸೋಂಕಿಲ್ಲದ ಒಂದು ಬಾವಿಯ ನೀರೂ ಬೇಕು. ಆಗ ಒಂದು ಸರಳ ಲೆಕ್ಕ ಮಾಡಬಹುದು. ಉದಾಹರಣೆಗೆ, ಗುಂಡಿಯ ರಸದಲ್ಲಿ ಕ್ಲೋರೈಡ್ 2500, ಮೇಲಿನ ಶುದ್ಧ ಬಾವಿಯಲ್ಲಿ 60 ಸಿಕ್ಕಿತು ಅಂದುಕೊಳ್ಳಿ. ನಿಮ್ಮದು 410. 410ರಲ್ಲಿ 60 ಕಳೆದರೆ 350. 2500ರಲ್ಲಿ 60 ಕಳೆದರೆ 2440. ಭಾಗಿಸಿದರೆ ಸುಮಾರು 14 ಪರ್ಸೆಂಟ್. ಕ್ಲೋರೈಡ್ ಪೂರ್ತಿ ಗುಂಡಿಯದೇ ಆಗಿದ್ದರೆ ನಿಮ್ಮ ನೀರಿನಲ್ಲಿ ಏಳನೇ ಒಂದು ಭಾಗ ಕಸದ ರಸ. ಹಾಗಿದ್ದರೆ ಬೋರಾನ್ ಕೂಡ ಹೆಚ್ಚೂಕಡಿಮೆ ಅದೇ ಪ್ರಮಾಣ ತೋರಿಸಬೇಕು. ಯಾಕೆಂದರೆ ಕ್ಲೋರೈಡ್‌ನಂತೆ ಅದೂ ದಾರಿಯಲ್ಲಿ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ. ಪೊಟ್ಯಾಸಿಯಂ, ಅಮೋನಿಯಾ ಕಡಿಮೆ ತೋರಿಸಬಹುದು, ಜೇಡಿ ಅವುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಲೋರೈಡ್ 14 ಅನ್ನುತ್ತಿದೆ, ಬೋರಾನ್ ಒಂದೂ ಇಲ್ಲ ಅನ್ನುತ್ತಿದೆ ಎಂದಾದರೆ ಕ್ಲೋರೈಡ್ ಬೇರೆಲ್ಲಿಂದಲೋ ಬಂದಿದೆ.

ಬೇರೆಲ್ಲಿಂದ ಅಂದರೆ, ನಿಮ್ಮ ಕಡೆ ಅದಕ್ಕೂ ದಾರಿಗಳಿವೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಒಳಚರಂಡಿ ನೀರು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತದೆ. ಅಂಥ ಕೆರೆ ನಿಮ್ಮ ಬೋರ್ ಹತ್ತಿರ ಇದ್ದರೆ ಉಪ್ಪಿನಂಶ ಅಲ್ಲಿಂದಲೂ ಏರಬಹುದು. ಆ ಕೆರೆಯ ನೀರಿನದೂ ಒಂದು ಬಾಟಲಿ ತೆಗೆಯಿರಿ. ಒಂದು ಊರಿನಲ್ಲಿ ಎಲ್ಲರೂ ಗುಂಡಿಯ ಕಡೆ ಬೆರಳು ತೋರಿಸಿದ್ದರು. ಅಳೆದು ನೋಡಿದರೆ ನೈಟ್ರೇಟ್ ಅತಿ ಜಾಸ್ತಿ ಇದ್ದದ್ದು ಗುಂಡಿಯಿಂದ ತೀರಾ ದೂರದ ಬಾವಿಯಲ್ಲಿ. ಅದರ ಕಟ್ಟೆಗೆ ತಾಗಿದಂತೆ ಹಸುಗಳ ಕೊಟ್ಟಿಗೆ, ತಿಪ್ಪೆ ಇದ್ದವು. ಆದರೆ ಅದೇ ಊರಿನಲ್ಲಿ ಗುಂಡಿಯ ಹತ್ತಿರದ ಎರಡು ಬೋರ್‌ಗಳಲ್ಲಿ ಅಮೋನಿಯಾ ಸಿಕ್ಕಿತು. ತಿಪ್ಪೆಯೂ ಕೆಡಿಸಿತ್ತು, ಗುಂಡಿಯೂ ಕೆಡಿಸಿತ್ತು.

ಇನ್ನು ನೀರಿನ ದಾರಿ. ಊರಿನ ಇಳಿಜಾರು ನೋಡಿ ನೀರು ಈ ಕಡೆಗೇ ಬರುತ್ತದೆ ಅಂತ ಹೇಳುವುದು ಸಾಲದು. ನೆಲದೊಳಗಿನ ನೀರು ಹೋಗುವುದು ತನ್ನದೇ ಮಟ್ಟ ಎಲ್ಲಿ ತಗ್ಗಿದೆಯೋ ಅಲ್ಲಿಗೆ. ತೋಟಗಳ ಮೋಟಾರ್‌ಗಳು ರಾತ್ರಿಯಿಡೀ ಓಡುವ ಜಾಗದಲ್ಲಿ ಆ ತಗ್ಗು ಇಳಿಜಾರಿನ ವಿರುದ್ಧ ದಿಕ್ಕಿಗೂ ಇರಬಹುದು. ಕನಿಷ್ಠ ಮೂರು ಬಾವಿ ಬೇಕು, ಅವು ಒಂದೇ ಗೆರೆಯಲ್ಲಿ ಇರಬಾರದು. ಮೋಟಾರ್‌ಗಳನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಒಂದೇ ಹೊತ್ತಿಗೆ ಕೇಸಿಂಗ್ ಬಾಯಿಂದ ನೀರಿನ ತನಕ ಎಷ್ಟು ಆಳ ಅಂತ ಅಳೆಯಬೇಕು. ಕೇಸಿಂಗ್ ಬಾಯಿಯ ಎತ್ತರವನ್ನು ಸರ್ವೆಯವರಿಂದ ತೆಗೆಸಿ, ಆಳವನ್ನು ಅದರಿಂದ ಕಳೆದರೆ ನೀರಿನ ನಿಜವಾದ ಮಟ್ಟ ಸಿಗುತ್ತದೆ. ಅಂತರ್ಜಲ ಇಲಾಖೆಯವರು ಬಳಸುವ, ನೀರು ತಾಗಿದರೆ ಸದ್ದು ಮಾಡುವ ಟೇಪು ಇದ್ದರೆ ಒಳ್ಳೆಯದು. ಸುಮ್ನೆ ಹಗ್ಗಕ್ಕೆ ಕಲ್ಲು ಕಟ್ಟಿ ಬಿಡಬೇಡಿ, ಕೇಬಲ್‌ಗೆ ಸುತ್ತಿಕೊಂಡರೆ ಮೋಟಾರ್ ಎತ್ತಬೇಕಾಗುತ್ತದೆ.

ಇದೇ ಲೆಕ್ಕದಲ್ಲಿ ಗುಂಡಿಯೊಳಗಿನ ರಸದ ಮಟ್ಟವೂ ಬೇಕು. ರಸದ ಮಟ್ಟ ಸುತ್ತಲಿನ ನೀರಿಗಿಂತ ಎತ್ತರದಲ್ಲಿದ್ದರೆ ಅದು ಹೊರಗೆ ತಳ್ಳುತ್ತದೆ. ತಗ್ಗಿನಲ್ಲಿದ್ದರೆ ಸುತ್ತಲಿನ ನೀರೇ ಗುಂಡಿಯೊಳಗೆ ಇಳಿಯುತ್ತದೆ. ಈ ಒಂದು ಅಳತೆ ಇಲ್ಲದೆ ಬರೆದ ಎಷ್ಟೋ ವರದಿಗಳನ್ನು ನೋಡಿ ಬೇಸರವಾಗಿದೆ. ಪರಿಹಾರದ ದಾರಿಯೂ ಇದರಲ್ಲೇ ಇದೆ. ಗುಂಡಿಯ ರಸವನ್ನು ನಿರಂತರ ಎತ್ತಿ ಶುದ್ಧ ಮಾಡುತ್ತಾ ಅದರ ಮಟ್ಟವನ್ನು ಸುತ್ತಲಿಗಿಂತ ಕೆಳಗೇ ಇಟ್ಟರೆ, ಕಸ ಅಲ್ಲೇ ಇದ್ದರೂ ಸೋರಿಕೆ ನಿಲ್ಲುತ್ತದೆ.

ಕಲ್ಲಿನೊಳಗಿನ ಸೀಳಿನ ದಿಕ್ಕು ಹುಡುಕಲು ಬೋರ್ ಪಾಯಿಂಟ್ ನೋಡುವ ಭೂವಿಜ್ಞಾನಿಗಳು ತರುವ ಅದೇ ರೆಸಿಸ್ಟಿವಿಟಿ ಯಂತ್ರ ಸಾಕು. ನೆಲಕ್ಕೆ ಕರೆಂಟ್ ಹರಿಸಿ ಎಷ್ಟು ಅಡ್ಡಿ ಇದೆ ಅಂತ ಅದು ಅಳೆಯುತ್ತದೆ. ಗಟ್ಟಿ ಕಲ್ಲು ತುಂಬಾ ಅಡ್ಡಿ ಮಾಡುತ್ತದೆ, ಉಪ್ಪಿನ ರಸ ಕರೆಂಟನ್ನು ಸಲೀಸಾಗಿ ಬಿಡುತ್ತದೆ. ಗುಂಡಿಯ ಅಂಚಿನಿಂದ ನಿಮ್ಮ ಊರಿನ ಕಡೆಗೆ ಸಾಲುಸಾಲಾಗಿ ಅಳೆದರೆ ರಸ ಹರಿದಿರುವ ಪಟ್ಟೆ ತೋರಬಹುದು. ಒದ್ದೆ ಜೇಡಿಯೂ ಹಾಗೆಯೇ ತೋರುತ್ತದೆ, ಆದ್ದರಿಂದ ಯಂತ್ರದ ಚಿತ್ರವನ್ನು ಒಂದು ಬೋರ್ ಕೊರೆದು ಖಚಿತ ಮಾಡಿಕೊಳ್ಳಬೇಕು. ನಡುವೆ ಕರಿಕಲ್ಲಿನ ಉದ್ದನೆಯ ಸಾಲು ಹಾದುಹೋಗಿದ್ದರೆ ಅದನ್ನು ನಕ್ಷೆಯಲ್ಲಿ ಗುರುತಿಸಿ. ಕೆಲವು ಕಡೆ ಅದು ನೀರಿಗೆ ಅಣೆಕಟ್ಟು, ಕೆಲವು ಕಡೆ ಅದರ ಅಂಚೇ ಕಾಲುವೆ.

ನಿಮ್ಮ ಬೋರ್‌ನೊಳಗೇ ಒಂದು ಪರೀಕ್ಷೆ ಮಾಡಬಹುದು. ಮೋಟಾರ್ ಎತ್ತಿದ ದಿನ ಕ್ಯಾಮೆರಾ ಬಿಡಿಸಿ, ಎಷ್ಟು ಅಡಿಯಲ್ಲಿ ಸೀಳಿದೆ, ಎಲ್ಲಿಂದ ನೀರು ಬೀಳುತ್ತಿದೆ ನೋಡಿ. ಆಳಕ್ಕೆ ಇಳಿಸಿ ಉಪ್ಪಿನಂಶ ಅಳೆಯುವ ಪ್ರೋಬ್ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಸೀಳಿನ ಹತ್ತಿರ ಅಳತೆ ತಟ್ಟನೆ ಏರಿದರೆ ಕೆಟ್ಟ ನೀರು ಬರುವ ಬಾಗಿಲು ಅದೇ.

ಸ್ಯಾಂಪಲ್ ತೆಗೆಯುವುದರಲ್ಲೇ ಅರ್ಧ ಕೇಸು ಸೋಲುತ್ತದೆ. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಹಿಡಿದ ನೀರು ಟ್ಯಾಂಕಿನ ನೀರು. ಬೋರ್ ಬಾಯಲ್ಲೇ ಹಿಡಿಯಬೇಕು. ಬೋರ್‌ನೊಳಗೆ ನಿಂತಿದ್ದ ಹಳೇ ನೀರನ್ನು ಮೊದಲು ಹೊರಹಾಕಬೇಕು. ಆರೂವರೆ ಇಂಚಿನ ಬೋರ್‌ನಲ್ಲಿ ಒಂದು ಅಡಿಗೆ ಆರೂವರೆ ಲೀಟರ್ ನೀರು ನಿಲ್ಲುತ್ತದೆ. 200 ಅಡಿ ನೀರಿದ್ದರೆ 1,300 ಲೀಟರ್. ಅದರ ಮೂರರಷ್ಟು, ಸುಮಾರು 4,000 ಲೀಟರ್ ಹೋದ ಮೇಲೆ, ಟಿಡಿಎಸ್ ಮತ್ತು ಪಿಎಚ್ ಅಳತೆ ಬದಲಾಗದೆ ನಿಂತಾಗ ಬಾಟಲಿ ತುಂಬಿ. ಲೋಹಗಳ ಬಾಟಲಿಗೆ ಸ್ಥಳದಲ್ಲೇ ಸೋಸಿ ನೈಟ್ರಿಕ್ ಆಮ್ಲ ಹಾಕಬೇಕು. ಹಾಕದಿದ್ದರೆ ನಿಮ್ಮ ಕಬ್ಬಿಣ ದಾರಿಯಲ್ಲೇ ತುಕ್ಕಾಗಿ ತಳ ಸೇರುತ್ತದೆ, ಲ್ಯಾಬ್‌ಗೆ ಕಮ್ಮಿ ಸಿಗುತ್ತದೆ. ಎಲ್ಲ ಬಾಟಲಿಗಳೂ ಐಸ್ ಪೆಟ್ಟಿಗೆಯಲ್ಲಿ ಅದೇ ದಿನ ಎನ್‌ಎಬಿಎಲ್ ಮಾನ್ಯತೆಯ (ಲ್ಯಾಬ್‌ಗಳನ್ನು ಪರಿಶೀಲಿಸಿ ಒಪ್ಪುವ ರಾಷ್ಟ್ರೀಯ ಮಂಡಳಿಯದು) ಲ್ಯಾಬ್ ತಲುಪಲಿ. ಒಂದು ಬಾವಿಯ ನೀರನ್ನು ಬೇರೆ ಹೆಸರಿನಲ್ಲಿ ಎರಡು ಬಾಟಲಿ ಮಾಡಿ ಕಳಿಸಿ. ಎರಡರ ಅಂಕಿಗಳು ದೂರ ದೂರ ಬಂದರೆ ಆ ಲ್ಯಾಬ್‌ನ ಉಳಿದ ಅಂಕಿಗಳನ್ನು ನಂಬುವ ಮೊದಲು ಯೋಚಿಸಿ.

ಒಂದು ಎಚ್ಚರಿಕೆ. ಸ್ಯಾಂಪಲ್ ಅಂತ ಹೇಳಿ ಯಾರೂ ಹಳೇ ತೆರೆದ ಬಾವಿಗೆ, ಗುಂಡಿಯ ರಸದ ಬಾವಿಗೆ ಇಳಿಯಬೇಡಿ. ಕಸದಿಂದ ಬರುವ ಮೀಥೇನ್ ಅದೇ ಸೀಳುಗಳಲ್ಲಿ ಹೊರಬರುತ್ತದೆ. ಬಾವಿಯ ತಳದಲ್ಲಿ ಉಸಿರಾಡಲು ಗಾಳಿಯೇ ಇಲ್ಲದಿರಬಹುದು. ಮುಚ್ಚಿದ ಪಂಪ್ ಮನೆಯಲ್ಲಿ ಬೀಡಿ, ಬೆಂಕಿಕಡ್ಡಿ ಹಚ್ಚಬೇಡಿ.

ಈಗ ಕಾಲದ ಸಾಕ್ಷಿ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಉಪಗ್ರಹ ಚಿತ್ರ ನೋಡಬಹುದು. ಗುಂಡಿ ಯಾವಾಗ ತೋಡಿದರು, ನೀರು ಯಾವಾಗ ನಿಂತಿತ್ತು, ಕಸ ಯಾವಾಗ ಬಂತು ಎಲ್ಲವೂ ಅಲ್ಲಿ ದಿನಾಂಕ ಸಮೇತ ಇರುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಗುತ್ತಿಗೆಯ ನಕ್ಷೆ, ಆಳ ಕೇಳಿ. 2016ರ ನಿಯಮದ ಪ್ರಕಾರ ಕಸದ ಗುಂಡಿಯ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ, ಮಳೆ ಮುಗಿದ ಮೇಲೆ ಹೀಗೆ ಪರೀಕ್ಷಿಸಬೇಕಿತ್ತು. ಆ ವರದಿಗಳನ್ನೂ ಕೇಳಿ. ವರದಿಯೇ ಇಲ್ಲ ಅಂತ ಲಿಖಿತ ಉತ್ತರ ಬಂದರೆ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಬೋರ್ ಹಾಕಿಸಿದ ವರ್ಷದ ನೀರಿನ ರಿಪೋರ್ಟ್ ಅಕ್ಕಪಕ್ಕದ ಯಾರ ಹತ್ತಿರವಾದರೂ ಇದ್ದರೆ ಅದಕ್ಕೆ ಬೆಲೆ ಕಟ್ಟಲಾಗದು.

ಮುಂದಿನ ಕಾಲದ ಸಾಕ್ಷಿ ನೀವೇ ಮಾಡಬೇಕು. ಕೆಲವೇ ನೂರು ರೂಪಾಯಿಗೆ ಟಿಡಿಎಸ್ ಪೆನ್ ಸಿಗುತ್ತದೆ. ಪ್ರತಿ ಭಾನುವಾರ, ಮೋಟಾರ್ ಒಂದು ಗಂಟೆ ಓಡಿದ ಮೇಲೆ ಅಳೆದು, ಆ ವಾರದ ಮಳೆಯ ಜೊತೆ ಬರೆದಿಡಿ. ಒಳ್ಳೆ ಮಳೆಯಾದರೆ ಸಾಮಾನ್ಯವಾಗಿ ಬೋರ್ ನೀರು ತಿಳಿಯಾಗಿ ಟಿಡಿಎಸ್ ಇಳಿಯುತ್ತದೆ. ನಿಮ್ಮದು ಪ್ರತಿ ದೊಡ್ಡ ಮಳೆಯ ಕೆಲವು ವಾರಗಳ ನಂತರ ಏರಿದರೆ, ಗುಂಡಿ ತುಂಬಿ ತಳ್ಳುತ್ತಿದೆ ಎಂಬ ಮಾತಿಗೆ ತೂಕ ಬರುತ್ತದೆ.

ಇದನ್ನು ಒಂದು ಮನೆಯವರೇ ಹೊರಬೇಡಿ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಜಂಟಿ ಪರಿಶೀಲನೆ ಕೇಳಿ. ಅವರು ನೀರು ಹಿಡಿಯುವಾಗ ಅದೇ ಧಾರೆಯಿಂದ ನಿಮ್ಮ ಬಾಟಲಿಯನ್ನೂ ತುಂಬಿ, ಮಹಜರಿನಲ್ಲಿ ಬರೆಸಿ, ಸಹಿ ಹಾಕಿಸಿ. ಗುಂಡಿಯ ರಸದ ಸ್ಯಾಂಪಲ್ ನಿಮಗೆ ಸಿಗುವುದು ಇಂಥ ಪರಿಶೀಲನೆಯಲ್ಲೇ. ಮುಂದೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೆ ಹೋಗಬೇಕಾಗಿ ಬಂದರೂ ಆ ಮಹಜರು ಕೆಲಸಕ್ಕೆ ಬರುತ್ತದೆ.

ಕೊನೆಯದಾಗಿ 1,000 ಅಡಿಯ ಬೋರ್. ಈಗ ಹಾಕಿಸಬೇಡಿ. ನಮ್ಮಲ್ಲಿ ಕೇಸಿಂಗ್ ಹಾಕುವುದು ಗಟ್ಟಿ ಕಲ್ಲು ಸಿಗುವ ತನಕ ಮಾತ್ರ, ಅದರ ಕೆಳಗೆಲ್ಲ ಬರೀ ಕೊರೆದ ತೂತು. ಮೇಲಿನ ಸೀಳಿನಲ್ಲಿ ಕೆಟ್ಟ ನೀರಿದ್ದರೆ, ಹೊಸ ಬೋರ್ ಅದನ್ನು ನೇರವಾಗಿ 1,000 ಅಡಿಯ ಒಳ್ಳೆ ನೀರಿಗೆ ಇಳಿಸುವ ಕೊಳವೆಯಾಗುತ್ತದೆ. ನಿಮ್ಮ ಹಣವೂ ಹೋಗುತ್ತದೆ, ಊರಿನ ಆಳದ ನೀರೂ ಕೆಡುತ್ತದೆ. ಕ್ಯಾಮೆರಾ ಪರೀಕ್ಷೆಯಲ್ಲಿ ಕೆಟ್ಟ ಸೀಳು ಯಾವ ಆಳದಲ್ಲಿದೆ ಅಂತ ಗೊತ್ತಾದರೆ, ಅದರ ಕೆಳಗಿನವರೆಗೂ ಕೇಸಿಂಗ್ ಇಳಿಸಿ, ಹೊರಗಿನ ಸಂದಿಗೆ ಸಿಮೆಂಟ್ ಹಾಲು ತುಂಬಿಸಿ ಮುಚ್ಚಲು ಸಾಧ್ಯವಾ ಎಂದು ಆಮೇಲೆ ನೋಡಬಹುದು. ಹಾಗೇ ನಿಮ್ಮ ತೋಟದಲ್ಲಿ ಬತ್ತಿ ಬಿಟ್ಟ ಹಳೇ ಬೋರ್ ಇದ್ದರೆ ಅದನ್ನು ತೆರೆದು ಬಿಡಬೇಡಿ, ಕಸ ಹಾಕಿ ಮುಚ್ಚಲೂ ಬೇಡಿ. ಮುಚ್ಚಳ ಹಾಕಿ ಬೀಗ ಹಾಕಿಡಿ. ನೀರಿನ ಮಟ್ಟ ಅಳೆಯಲು ನಿಮಗೆ ಬೇಕಾದ ಮೂರು ಬಾವಿಗಳಲ್ಲಿ ಒಂದು ಅದೇ ಆಗಬಹುದು.